ನೆಲಸಂಪಿಗೆಗೆ ನಾನು ನೆಟ್ಟ ಬೋರ್ಡು

ನಮ್ಮ ಮನೆಯ ಬಚ್ಚಲ ಒಲೆಯಿಂದ ಬೂದಿ ಎತ್ತುವುದಕ್ಕೆ ನನ್ನ ಹೆಂಡತಿ ಸರೋಜ ಒಂದು ತಗಡಿನ ತುಂಡು ಇಟ್ಟುಕೊಂಡಿದ್ದಾಳೆ. ಅಂಗೈ ಅಗಲ, ಗೇಣುದ್ದ. ಎಣ್ಣೆ ಡಬ್ಬ ಸೀಳಿ ಮಾಡಿದ್ದು. ಹಸಿರು ಬಣ್ಣದ ಮೇಲೆ ಬಿಳಿ ಅಕ್ಷರಗಳಲ್ಲಿ ಬರೆದಿದ್ದ ಮಾತುಗಳಲ್ಲಿ ಈಗ ‘ಕೆಂಫೇರಿಯಾ ರೊ’ ಎನ್ನುವಷ್ಟು ಮಾತ್ರ ಉಳಿದಿದೆ, ಮಿಕ್ಕಿದ್ದು ಬೂದಿಯ ಪಾಲು. ಬೆಳಿಗ್ಗೆ ಸ್ನಾನಕ್ಕೆ ಹೋದಾಗಲೆಲ್ಲ ನಾನು ಅದನ್ನು ನೋಡಿಯೂ ನೋಡದವನ ಹಾಗೆ ನೀರು ತೋಡಿಕೊಳ್ಳುತ್ತೇನೆ. ಬೇರೆ ತಗಡು ತಂದುಕೊಡುತ್ತೇನೆ ಎಂದು ಎರಡು ಸಲ ಹೇಳಿಯೂ ನೋಡಿದೆ. “ಇದೇ ಚೆನ್ನಾಗೈತೆ ಬಿಡ್ರಿ, ಏನೋ ಒಂದು ಉಪಯೋಗಕ್ಕೆ ಬಂತಲ್ಲ” ಅಂದಳು. ಉಪಯೋಗಕ್ಕೆ ಬಾರದವುಗಳ ಪಟ್ಟಿಯಲ್ಲಿ ಅವಳು ಬೇರೆ ಯಾರನ್ನು ಸೇರಿಸಿದ್ದಾಳೆ ಎಂದು ನಾನು ಕೇಳಲಿಲ್ಲ.

ಆ ತಗಡಿನ ಮೇಲೆ ಬರೆಸಿದವನು ನಾನೇ. ಅದೊಂದನ್ನೇ ಅಲ್ಲ, ಅಂಥವು ಇಪ್ಪತ್ಮೂರು ಇದ್ದವು.

ನಿವೃತ್ತಿಯಾದ ಮೇಷ್ಟ್ರು ಇಡೀ ದಿನ ಮನೆಯಲ್ಲಿರುವುದು ಎಂದರೆ ಏನೆಂದು, ನಿಮ್ಮ ಮನೆಯಲ್ಲೂ ಅಂಥವರೊಬ್ಬರಿದ್ದರೆ, ನಾನು ಬಿಡಿಸಿ ಹೇಳಬೇಕಾಗಿಲ್ಲ. ಮೂವತ್ತೊಂದು ವರ್ಷ ನಾನು ತಿಪಟೂರಿನ ಜೂನಿಯರ್ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಹೇಳಿದೆ. ನೊಣವಿನಕೆರೆಯ ಕಡೆಯ ನಮ್ಮ ಊರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬಸ್ಸಿನಲ್ಲಿ ಸೀಟು, ಕ್ಲಾಸಿನಲ್ಲಿ ಮೌನ, ಇವೆರಡೂ ನನ್ನ ಹಕ್ಕು ಎಂದು ತಿಳಿದಿದ್ದವನು ಒಂದು ದಿನ ಹಾರ ಶಾಲು ಹಾಕಿಸಿಕೊಂಡು ಮನೆಗೆ ಬಂದು ಕೂತೆ. ಮೊದಲ ತಿಂಗಳು ಸರೋಜಳಿಗೆ ಹಾಲು ಕಾಯಿಸುವ ವಿಧಾನ ಹೇಳಿಕೊಟ್ಟೆ. ಎರಡನೆಯ ತಿಂಗಳು ತೋಟದ ಆಳುಗಳಿಗೆ ತೆಂಗಿನ ಬೇರು ಹೇಗೆ ನೀರು ಹೀರುತ್ತದೆ ಎಂದು ವಿವರಿಸಿದೆ. ಅವರು ಗುದ್ದಲಿ ಊರಿ ನಿಂತು ಪೂರ್ತಿ ಕೇಳಿದರು. ಅರ್ಧ ದಿನದ ಕೆಲಸ ಹಾಗೇ ಉಳಿಯಿತು. ಮೂರನೆಯ ತಿಂಗಳು ಈ ಬೋರ್ಡುಗಳ ಯೋಚನೆ ಬಂತು. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಎಂಬ ಗಾದೆಯನ್ನು ಮಾಡಿದವರು ಪಿಂಚಣಿದಾರರನ್ನು ಚೆನ್ನಾಗಿ ಕಂಡಿದ್ದವರೇ ಇರಬೇಕು.

ನಮ್ಮ ಮನೆಯ ಸುತ್ತಲಿನ ಗಿಡಮರಗಳಿಗೆಲ್ಲ ಹೆಸರಿನ ಫಲಕ ಹಾಕುವುದು, ಬಂದುಹೋಗುವವರಿಗೆ ತಿಳಿವಳಿಕೆ ಕೊಡುವುದು ನನ್ನ ಉದ್ದೇಶ. ತಿಪಟೂರಿನ ಪೇಂಟರೊಬ್ಬನ ಮುಂದೆ ಎರಡು ದಿನ ಕೂತು ಬರೆಸಿದೆ. ದಾಸವಾಳ, ಕರಿಬೇವು, ನುಗ್ಗೆ, ಯಾವುದನ್ನೂ ಬಿಡಲಿಲ್ಲ. ಅಂಗಳದ ತೆಂಗಿನಮರಕ್ಕೂ ‘ತೆಂಗು – ಕೊಕಸ್ ನ್ಯೂಸಿಫೆರಾ’ ಎಂದು ಒಂದು ಬೋರ್ಡು ಕಟ್ಟಿದೆ. ಹುಟ್ಟಿದ ಮಗುವಿನ ಬಾಯಿಗೆ ಜೇನಿಗಿಂತ ಮೊದಲು ಎಳನೀರು ಬೀಳುವ ಊರಿನಲ್ಲಿ ನಿಂತು ತೆಂಗಿನಮರಕ್ಕೆ ಪರಿಚಯ ಪತ್ರ ಕಟ್ಟಿದ ಮೊದಲನೆಯವನು ಬಹುಶಃ ನಾನೇ. ಹಾಲು ಹಾಕಲು ಬಂದವನು ಅದನ್ನು ಎರಡು ಸಲ ಓದಿಕೊಂಡು, ಮರವನ್ನು ಬುಡದಿಂದ ತುದಿಯವರೆಗೆ ನೋಡಿ, ಅನುಮಾನ ಪರಿಹಾರವಾದವನ ಹಾಗೆ ತಲೆಯಾಡಿಸಿ ಹೋದ.

ಇಪ್ಪತ್ಮೂರನೆಯ ಬೋರ್ಡನ್ನು ಹಿತ್ತಿಲಲ್ಲಿ, ಬಚ್ಚಲ ನೀರು ಹರಿದುಹೋಗುವ ಕಡೆ, ಬರಿ ನೆಲದಲ್ಲಿ ನೆಟ್ಟೆ. ನೋಡಿದವರಿಗೆ ಅಲ್ಲಿ ಏನೂ ಇರಲಿಲ್ಲ. ಅದು ಚಳಿಗಾಲ. ಆ ಗಿಡ ಚಳಿಗಾಲದಲ್ಲಿ ಇರುವುದಿಲ್ಲ. ಅಂದರೆ ಮೇಲೆ ಇರುವುದಿಲ್ಲ.

ನೆಲಸಂಪಿಗೆಯನ್ನು ನೀವು ನೋಡಿದ್ದೀರೋ ಇಲ್ಲವೋ. ಶುಂಠಿ, ಅರಿಸಿನದ ದಾಯಾದಿ ಅದು. ಆದರೆ ಆ ಮನೆತನದ ಮಿಕ್ಕವರ ಹಾಗೆ ದುಡಿದು ತಿನ್ನುವ ಗುಣವಲ್ಲ. ಮಳೆಗಾಲದಲ್ಲಿ ನಾಲ್ಕಾರು ಎಲೆ ಬಿಡುತ್ತದೆ, ಮೇಲೆ ಬೆಳ್ಳಿಯ ಪಟ್ಟೆ, ಅಡಿಯಲ್ಲಿ ನೇರಳೆ. ಕಾರ್ತಿಕ ಕಳೆಯುವಷ್ಟರಲ್ಲಿ ಎಲೆ ಒಣಗಿ ಉದುರಿ, ಗೆಡ್ಡೆ ಮಣ್ಣೊಳಗೆ ಮಲಗಿಬಿಡುತ್ತದೆ. ಯುಗಾದಿ ಆಸುಪಾಸಿನಲ್ಲಿ ಒಂದು ಹನಿ ಮಳೆ ಬಿದ್ದರೆ ಸಾಕು, ಎಲೆಯಿಲ್ಲ, ಕಾಂಡವಿಲ್ಲ, ಒಣ ನೆಲದಿಂದಲೇ ನೇರವಾಗಿ ಹೂವು ಎದ್ದು ನಿಲ್ಲುತ್ತದೆ. ಬಿಳಿ ಎಸಳು, ನಡುವೆ ಒಂದು ನೇರಳೆ ನಾಲಿಗೆ. ಬಗ್ಗಿದರೆ ಮಾತ್ರ ಸಿಗುವ ಒಂದು ಪರಿಮಳ. ಸಣ್ಣವನಿದ್ದಾಗ ನನಗೆ ಇದು ನಂಬಲಾಗದ ಸಂಗತಿ. ಯಾರೋ ಬೆಳಗಿನ ಜಾವ ಬಂದು ಹೂ ಸಿಕ್ಕಿಸಿ ಹೋಗಿದ್ದಾರೆ ಎಂದುಕೊಂಡು ಒಂದನ್ನು ಕಿತ್ತು ನೋಡಿದೆ. ನೀಲಮ್ಮತ್ತೆ ಬೆನ್ನ ಮೇಲೆ ಬಾರಿಸಿದ ಏಟಿಗೆ ಹೂವು ಮಣ್ಣಿನಿಂದಲೇ ಬರುತ್ತದೆ ಎಂಬುದು ಆ ಕ್ಷಣದಲ್ಲೇ ಮನದಟ್ಟಾಯಿತು. ನನ್ನ ಸಸ್ಯಶಾಸ್ತ್ರದ ಮೊದಲ ಪಾಠ ಅದು. ಮುಂದೆ ಅಷ್ಟು ಪರಿಣಾಮಕಾರಿಯಾಗಿ ಯಾರೂ ನನಗೆ ಕಲಿಸಲಿಲ್ಲ, ನಾನೂ ಯಾರಿಗೂ ಕಲಿಸಲಿಲ್ಲ.

ನೀಲಮ್ಮತ್ತೆ ನಮ್ಮಪ್ಪನ ತಂಗಿ. ಎಂಬತ್ತು ದಾಟಿದೆ. ಹತ್ತೊಂಬತ್ತನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತುರುವೇಕೆರೆ ಕಡೆಯ ಅತ್ತೆಮನೆಯಿಂದ ನಮ್ಮ ಮನೆಗೆ ಬಂದವಳು, ಅಂದಿನಿಂದ ಇಲ್ಲೇ. ನಾನು ಹುಟ್ಟುವ ಹೊತ್ತಿಗೆ ಅವಳು ಈ ಮನೆಯ ಕಂಬಗಳ ಜೊತೆ ಇನ್ನೊಂದು ಕಂಬವಾಗಿದ್ದಳು. ನನ್ನನ್ನು ಎತ್ತಿ ಆಡಿಸಿದವಳು, ಬಡಿದು ಬೆಳೆಸಿದವಳು ಅವಳೇ. ಆದರೆ ಸುತ್ತಲ ಹತ್ತೂರಿನಲ್ಲಿ ಅವಳು ಯಾರ ತಂಗಿಯೂ ಅಲ್ಲ, ಯಾರ ಅತ್ತೆಯೂ ಅಲ್ಲ. ಅವಳು ಮದ್ದಿನಮ್ಮ. ಉಳುಕಿಗೆ, ಬಾವಿಗೆ, ಮಂಗನಬಾವಿಗೆ ಅವಳು ಮದ್ದು ಕೊಡುತ್ತಿದ್ದಳು.

ನಮ್ಮದು ಉಳುಕಿಗೆ ಹೇಳಿ ಮಾಡಿಸಿದ ಸೀಮೆ. ಕಾಯಿ ಕಿತ್ತು, ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ, ಹೆಚ್ಚುಕಡಿಮೆ ವರ್ಷ ಬಿಟ್ಟು, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಗಿಟುಕು ಗಡಗಡ ಅಲ್ಲಾಡುವಾಗ ಇಳಿಸಿ, ಸುಲಿದು, ಚಿಪ್ಪು ಒಡೆಯುವ ದಂಧೆ. ಏಣಿಯಿಂದ ಜಾರುವವರು, ನೆಲಕ್ಕೆ ಹೂತ ಕಬ್ಬಿಣದ ಮೊನೆಯ ಮೇಲೆ ಕಾಯಿ ಸುಲಿಯುವಾಗ ಕೈ ತಿರುಚಿಕೊಳ್ಳುವವರು, ಮೂಟೆ ಹೊತ್ತು ಸೊಂಟ ಹಿಡಿದುಕೊಂಡವರು, ಯಾರಾದರೊಬ್ಬರು ಜಗಲಿಯ ಮೇಲೆ ಇದ್ದೇ ಇರುತ್ತಿದ್ದರು. ನಾನೂ ಒಂಬತ್ತನೆಯ ವಯಸ್ಸಿನಲ್ಲಿ, ಯಾವ ಕಾಯಿ ಹೆಚ್ಚು ಸದ್ದು ಮಾಡುತ್ತದೆ ನೋಡೋಣವೆಂದು ಅಟ್ಟ ಹತ್ತಿ, ಕಾಯಿಯ ಜೊತೆಗೇ ಕೆಳಗೆ ಬಂದೆ. ಕಾಲು ಊದಿತು. ಕಾಯಿಗೆ ಏನೂ ಆಗಲಿಲ್ಲ.

ಅತ್ತೆ ಹಿತ್ತಿಲಿಗೆ ಹೋಗಿ, ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬಂದಳು. ಅಕ್ಕಿ ತೊಳೆದ ನೀರಿನಲ್ಲಿ ತೇದು, ಬೆಚ್ಚಗೆ ಮಾಡಿ, ಹರಳೆಲೆಯ ಮೇಲೆ ಸವರಿ, ಕಾಲಿಗೆ ಸುತ್ತಿ ಹಳೇ ಪಂಚೆಯಲ್ಲಿ ಕಟ್ಟಿದಳು.

“ಏನತ್ತೆ ಅದು?”

“ಮದ್ದು.”

“ಯಾವ ಮದ್ದು?”

“ಕಾಲಿನ ಮದ್ದು.”

“ಯಾವ ಗಿಡದ್ದು?”

“ಬಾಯಿಗೂ ಒಂದು ಪಟ್ಟು ಹಾಕ್ಲೇನ್ಲಾ?”

ಅವಳ ಮದ್ದಿಗೆ ಮೂರು ಕಟ್ಟಳೆ. ಅದರ ಹೆಸರು ಕೇಳಬಾರದು, ಅವಳು ಹೇಳಬಾರದು, ಹೇಳಿದರೆ ಕೇಳಿದವನಿಗೆ ಅದು ಹತ್ತುವುದಿಲ್ಲ. ಏನೂ ಕೊಡಬಾರದು. ಉಪಕಾರವಾಯಿತು ಎಂದೂ ಅನ್ನಬಾರದು. ಮೂಳೆ ಮುರಿದಿದೆ ಎಂದು ಅನುಮಾನ ಬಂದರೆ ಮುಟ್ಟುತ್ತಲೇ ಇರಲಿಲ್ಲ, “ತಿಪಟೂರಿಗೆ ಹೋಗಿ ಫೋಟೋ ತೆಗಿಸ್ಕಂಡು ಕಟ್ಟು ಹಾಕಿಸ್ಕ, ನನ್ನ ಕೈಲಾಗಲ್ಲ” ಎಂದು ಕಳಿಸಿಬಿಡುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಹಿತ್ತಲ ಗಿಡ ಮದ್ದಾಗಿತ್ತು, ಗಿಡವಾಗಿ ಮಾತ್ರ ಇರಲಿಲ್ಲ. ನಮ್ಮಪ್ಪನಿಗೆ ಇಂಗ್ಲಿಷ್ ಔಷಧಿಯೇ ದೇವರು. ಒಮ್ಮೆ ಮೊಣಕೈ ಉಳುಕಿದಾಗ ಪಟ್ಟಣಕ್ಕೆ ಹೋಗಿ ಸೂಜಿ ಚುಚ್ಚಿಸಿಕೊಂಡು, ಮಾತ್ರೆ ತೆಗೆದುಕೊಂಡು, ಡಾಕ್ಟರನ್ನು ಹೊಗಳುತ್ತ ಮನೆಗೆ ಬಂದರು. ಸಾಯಂಕಾಲ ಯಾರೂ ಇಲ್ಲದಾಗ ಹಿತ್ತಿಲ ಬಾಗಿಲಲ್ಲಿ ನಿಂತು, “ನೀಲೂ, ಅದೊಂಚೂರು ಇದ್ರೆ...” ಎನ್ನುತ್ತಿದ್ದದ್ದನ್ನು ನಾನೇ ಕೇಳಿದ್ದೇನೆ. ವಾಸಿಯಾದದ್ದು ಸೂಜಿಯಿಂದ ಎಂದು ಅವರು ಕೊನೆಯವರೆಗೂ ಹೇಳಿದರು. ಅತ್ತೆಯೂ ಹಾಗೇ ಹೇಳಿದಳು.

ಒಮ್ಮೆ ಮನೆಯ ಮಕ್ಕಳು ನಮಗೆ ನಾಲ್ವರಿಗೂ ಒಟ್ಟಿಗೇ ಮಂಗನಬಾವು ಬಂದಿತ್ತು. ಎರಡು ಕೆನ್ನೆಗೂ ಮಣ್ಣಿನ ಬಣ್ಣದ ಲೇಪ ಬಳಿಸಿಕೊಂಡು ಸಾಲಾಗಿ ಜಗಲಿಯಲ್ಲಿ ಕೂತಿದ್ದೆವು. ದಾರಿಯಲ್ಲಿ ಹೋಗುವವರು ನಿಂತು ನೋಡಿ ಹೋಗುತ್ತಿದ್ದರು. ಆ ಲೇಪಕ್ಕೆ ಒಂದು ವಾಸನೆ, ಅರ್ಧ ಶುಂಠಿ, ಅರ್ಧ ಕರ್ಪೂರ, ಒಂಚೂರು ಹಸಿ ಮಣ್ಣು. ಕಾಲೇಜಿನ ಲ್ಯಾಬಿನಲ್ಲಿ ಶುಂಠಿಯ ಕುಟುಂಬದ ಪಾಠ ಮಾಡುವಾಗಲೆಲ್ಲ ಆ ವಾಸನೆ ಮೂಗಿಗೆ ಬರುತ್ತಿತ್ತು. ಆದರೆ ಹುಡುಗರಿಗೆ ತೋರಿಸಲು ನನ್ನ ಹತ್ತಿರ ಇದ್ದದ್ದು ಗೋಡೆಗೆ ತೂಗುಹಾಕುವ ಒಂದು ಚಾರ್ಟು ಮಾತ್ರ. ನನ್ನ ಹಿತ್ತಿಲಲ್ಲೇ ಗಿಡವಿದೆ, ಅತ್ತೆಗೆ ಹೆದರಿ ತರಲಾರೆ ಎಂದು ಸಸ್ಯಶಾಸ್ತ್ರದ ಉಪನ್ಯಾಸಕ ಹೇಗೆ ತಾನೆ ಹೇಳುತ್ತಾನೆ?

ಆ ಹೆದರಿಕೆಯನ್ನು ನಿವೃತ್ತಿಯ ಉತ್ಸಾಹದಲ್ಲಿ ಮರೆತೆ. ಬೋರ್ಡಿನ ಮೇಲೆ ‘ನೆಲಸಂಪಿಗೆ – ಕೆಂಫೇರಿಯಾ ರೊಟುಂಡಾ. ಉಳುಕು, ಬಾವು, ಗಾಯಗಳಿಗೆ ಗೆಡ್ಡೆಯ ಲೇಪ’ ಎಂದು ಬರೆಸಿದೆ. ಅತ್ತೆಯ ವಿದ್ಯೆಗೆ ನಾನು ಸಲ್ಲಿಸಿದ ಗೌರವ ಎಂದೇ ತಿಳಿದುಕೊಂಡಿದ್ದೆ. ಫೋಟೋ ತೆಗೆದು ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೂ ಹಾಕಿದೆ. ನಾನು ಓದು ಕಲಿಸಿ ಕಳಿಸಿದವರೆಲ್ಲ ಒಬ್ಬರ ಹಿಂದೊಬ್ಬರು ಹೆಬ್ಬೆಟ್ಟು ಒತ್ತಿದರು.

ಮರುದಿನ ಬೆಳಿಗ್ಗೆ ಅತ್ತೆ ಹಿತ್ತಿಲಿಗೆ ಹೋದಳು. ಮೂರನೆಯ ಕ್ಲಾಸಿನವರೆಗೆ ಓದಿದವಳು, ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. ನಾನು ಕಿಟಕಿಯಿಂದ ನೋಡುತ್ತಿದ್ದೆ, ಮೆಚ್ಚುಗೆಯ ಮಾತಿಗಾಗಿ ಕಾಯುತ್ತ. ಅವಳು ಬಹಳ ಹೊತ್ತು ನಿಂತಿದ್ದಳು. ಆಮೇಲೆ ಒಳಗೆ ಬಂದು, ಕಾಫಿ ಬೇಡವೆಂದು, ಗೋಡೆಯ ಕಡೆ ತಿರುಗಿ ಕೂತಳು.

ಆ ದಿನವೇ ಪಕ್ಕದೂರಿನಿಂದ ಒಬ್ಬ ಹೆಂಗಸು ಕಾಲೆಳೆದುಕೊಂಡು ಬಂದಳು. “ಅಮ್ಮಾ, ಮದ್ದು” ಎಂದಳು.

“ಇಲ್ಲ ಕಣವ್ವ. ಹೋಯ್ತು.”

“ಏನೋಯ್ತಮ್ಮಾ?”

“ಗುಣ ಹೋಯ್ತು. ತಿಪಟೂರಿಗೆ ಹೋಗವ್ವ.”

ನಾನು ಆಗಿಂದಾಗಲೇ ಓಡಿ ಬೋರ್ಡು ಕಿತ್ತು ತಂದೆ. ಅತ್ತೆಯ ಮುಂದೆ ಹಿಡಿದು, “ನೋಡು, ಕಿತ್ತಾಕ್ದೆ” ಎಂದೆ, ಹೋಂವರ್ಕ್ ಮುಗಿಸಿದ ಹುಡುಗನ ಹಾಗೆ.

“ಆಡಿದ ಮಾತನ್ನ ಕೀಳಾಕಾಗುತ್ತೇನೋ ಶಿವು?”

“ಅತ್ತೆ, ಹೆಸರು ಹೇಳಿದ್ರೆ ಗುಣ ಯಾಕೆ ಹೋಗುತ್ತೆ? ಅದರಲ್ಲಿರೋದು ಎಣ್ಣೆ ಅಂಶ. ಗೆಡ್ಡೆಗೇನು ಕಿವಿ ಐತಾ?”

“ನಿನಗೂ ಇಲ್ಲ” ಅಂದಳು.

ಆಮೇಲೆ ಬಂದವರಿಗೆಲ್ಲ ಅದೇ ಉತ್ತರ. ಊರೇ ಓದುವಂತೆ ಬರೆಸಿದ್ದಾನೆ, ಎಲ್ಲರಿಗೂ ಹೆಸರು ಹೇಳಿದ ಹಾಗಾಯಿತು, ಇನ್ನು ಯಾರಿಗೂ ಹತ್ತುವುದಿಲ್ಲ ಎಂಬುದು ಅವಳ ಲೆಕ್ಕ. ಅದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಶಾಸ್ತ್ರ ಯಾವುದಾದರೇನು, ಅವಳು ತನ್ನ ಶಾಸ್ತ್ರಕ್ಕೆ ನಾನು ನನ್ನದಕ್ಕೆ ಇದ್ದದ್ದಕ್ಕಿಂತ ಹೆಚ್ಚು ನಿಷ್ಠಳಾಗಿದ್ದಳು.

ನಿಲ್ಲಿಸಿದ್ದು ಮದ್ದು ಮಾತ್ರವಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಉಪಕಾರ ಎನ್ನುವಂತಿಲ್ಲವಲ್ಲ, ಅದಕ್ಕೆ ವಾಸಿಯಾದವರು ಒಂದು ಪದ್ಧತಿ ಮಾಡಿಕೊಂಡಿದ್ದರು. ನಾಲ್ಕು ದಿನ ಬಿಟ್ಟು ಬಂದು ಜಗಲಿಯ ಮೇಲೆ ಕೂರುವುದು. ಮದ್ದಿನ ಮಾತೇ ಇಲ್ಲ. ಕೊಬ್ಬರಿ ಧಾರಣೆ, ತೆಂಗಿಗೆ ಬಿದ್ದ ನುಸಿ, ಯಾರ ಮಗಳಿಗೆ ಎಲ್ಲಿಂದ ಗಂಡು ಬಂತು, ಹುಳಿಯಾರಿನ ಸಂತೆಯಲ್ಲಿ ಕುರಿ ಏನು ಬೆಲೆಗೆ ಹೋಯಿತು, ಇಂಥದ್ದನ್ನು ಅರ್ಧ ಗಂಟೆ ಮಾತಾಡಿ, ಉಳುಕಿದ್ದ ಕಾಲನ್ನು ಅವಳಿಗೆ ಕಾಣುವ ಹಾಗೆ ಗಟ್ಟಿಯಾಗಿ ಊರಿ ನಡೆದು ಹೋಗುವುದು. ಅದು ಅವರ ಉಪಕಾರ ಸ್ಮರಣೆ. ಮನೆಯಿಂದ ಹೊರಗೆ ಹೆಚ್ಚು ಹೋಗದ ಅತ್ತೆಗೆ ಮೂರು ತಾಲ್ಲೂಕಿನ ಸುದ್ದಿ ಹಾಗೆ ಗೊತ್ತಿರುತ್ತಿತ್ತು. ಈಗ ಜಗಲಿ ಖಾಲಿಯಾಯಿತು. ಒಂದು ತಿಂಗಳಲ್ಲಿ ಬರುವವರು ನಿಂತೇಹೋದರು. ಅತ್ತೆ ಊಟ ಕಡಿಮೆ ಮಾಡಿದಳು. ನನ್ನನ್ನು ಬೈಯುವುದನ್ನೂ ಬಿಟ್ಟಳು, ಅದು ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

ಒಂದು ಮಧ್ಯಾಹ್ನ ಸರೋಜ ಅತ್ತೆಯ ತಲೆ ಬಾಚುತ್ತಿದ್ದಳು. ನಾನು ಈಚೆ ಪೇಪರ್ ಹಿಡಿದು ಕೂತಿದ್ದೆ. ಅತ್ತೆ ತಾನಾಗಿಯೇ ಮಾತೆತ್ತಿದಳು.

“ತುರುವೇಕೆರೇಲಿ ನಮ್ಮತ್ತೆ ನಂಗೇನು ಹೇಳ್ಕೊಟ್ಟಿರ್ಲಿಲ್ಲ ಕಣೇ ಸರೋಜಿ. ಹೇಳಂಗಿಲ್ವಲ್ಲ. ಅವ್ರು ಅಗೆಯೋವಾಗ ಬಾಗಿಲ ಸಂದೀಲಿ ನೋಡ್ಕಂಡಿದ್ದೆ. ಅಲ್ಲಿಂದ ಕಳಿಸ್ದಾಗ ಸೀರೆ ಎಲ್ಡು, ಒಂದು ಚೊಂಬು ಕೊಟ್ರು. ಒಡವೆ ಇಸ್ಕಂಡ್ರು. ಹೊರಡೋ ದಿನ ಬೆಳಗ್ಗೆ ಹಿತ್ಲಿಗೋಗಿ ಒಂದು ಗೆಡ್ಡೆ ಕಿತ್ತು ಸೊಂಟುಕ್ಕೆ ಸಿಕ್ಕಿಸ್ಕಂಡೆ. ಕದ್ದ ಗಿಡ ಚೆನ್ನಾಗಿ ಹತ್ತುತ್ತೆ ಅಂತಾರಲ್ಲ, ಹತ್ತುತು.”

ಸರೋಜ ಕೂದಲ ಸಿಕ್ಕು ಬಿಡಿಸಿ ಗಂಟು ಹಾಕಿದಳು.

“ಈ ಮನೇಲಿ ನಂದು ಅಂತ ಇದ್ದಿದ್ದು ಅದೊಂದೇ ಕಣೇ. ಮಿಕ್ಕಿದ್ದೆಲ್ಲ ಅಣ್ಣಂದು, ಈಗ ಶಿವೂದು. ನಾನು ಅನ್ನಕ್ಕಿರೋಳಲ್ಲ, ಮದ್ದಿಗಿರೋಳು ಅಂತ ಅಂದ್ಕಂಡಿದ್ದೆ.”

ನನಗೆ ಅಳು ಬಂತು. ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿ ಹಿಡಿದೆ. ಅರವತ್ತು ವರ್ಷ ಒಂದೇ ಮನೆಯಲ್ಲಿ ಇದ್ದೂ ಅವಳು ತನ್ನ ಅನ್ನಕ್ಕೆ ಬೆಲೆ ಕೊಡುತ್ತ ಬಂದಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಹೂವಿನ ಎಸಳು ಎಷ್ಟು, ಕೇಸರ ಎಷ್ಟು ಎನ್ನುವುದು ಮಾತ್ರ ಗೊತ್ತಿತ್ತು.

ಯುಗಾದಿ ಕಳೆದು ಮಳೆ ಬಂತು. ಹಿತ್ತಿಲಲ್ಲಿ ಹನ್ನೊಂದು ಹೂ ಬಿಟ್ಟವು. ಅತ್ತೆ ಆ ಕಡೆ ಹೋಗಲಿಲ್ಲ.

ಏನಾದರೂ ಮಾಡಲೇಬೇಕು ಎನಿಸಿತು. ನನಗೆ ಏನಾದರೂ ಮಾಡಬೇಕು ಎನಿಸಿದಾಗಲೆಲ್ಲ ಸರೋಜ ಎಚ್ಚರವಾಗುತ್ತಾಳೆ. ನೊಣವಿನಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಚಿತ್ತಯ್ಯ ಸಿಕ್ಕಿದ. ನಮ್ಮೂರ ಪಕ್ಕದ ಗೊಲ್ಲರಹಟ್ಟಿಯವನು, ಈಗ ನಲವತ್ತರ ಗಂಡಸು. ಹತ್ತು ಜನರ ಗುಂಪು ಕಟ್ಟಿಕೊಂಡು ಊರೂರಲ್ಲಿ ಕಾಯಿ ಸುಲಿಯುವ ಕೆಲಸ ಹಿಡಿಯುತ್ತಾನೆ. ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿ, ಮೊದಲ ಬೆಂಚಿನವನು. ಸಸ್ಯಶಾಸ್ತ್ರದಲ್ಲಿ ಆ ವರ್ಷ ಅವನದೇ ಹೆಚ್ಚಿನ ಅಂಕ. ಅವನಿಗೆ ನಡೆದದ್ದನ್ನೆಲ್ಲ ಹೇಳಿ, “ನಿಜ ಹೇಳೋ, ನಿಮಗೆಲ್ಲ ಅದು ಯಾವ ಗಿಡ ಅಂತ ಮೊದಲು ಗೊತ್ತಿರಲಿಲ್ಲವಾ?” ಎಂದೆ.

“ಗೊತ್ತಿಲ್ದೆ ಏನ್ಸಾರ್? ನಮ್ಮಪ್ಪನ ಕಾಲದಿಂದ್ಲೂ ಗೊತ್ತು. ನಮ್ಮ ಹಟ್ಟೀಲೆ ಎಲ್ಡು ಬುಡ ಐತೆ.”

“ಮತ್ತೆ ನೀವೇ ತೇದು ಹಚ್ಚಿಕೊಳ್ಳಬಹುದಿತ್ತಲ್ಲ?”

ಅವನು ನನ್ನನ್ನು ಒಂದು ಥರ ನೋಡಿದ. ಪರೀಕ್ಷೆಯಲ್ಲಿ ಸುಲಭದ ಪ್ರಶ್ನೆಗೆ ತಪ್ಪು ಬರೆದವನನ್ನು ನಾನು ನೋಡುತ್ತಿದ್ದ ನೋಟ ಅದು. “ಅಮ್ಮಾರು ಕೊಡೋವಾಗ ನಮಗೆ ಗೊತ್ತಿಲ್ಲ ಸಾರ್. ಅದೇ ಮರ್ವಾದೆ” ಅಂದ.

ನಾನು ಕುಣಿದುಕೊಂಡು ಮನೆಗೆ ಬಂದೆ. ಗುಟ್ಟು ಎಂದೂ ಗುಟ್ಟಾಗಿರಲೇ ಇಲ್ಲ! ಎಲ್ಲರಿಗೂ ಹೆಸರು ಗೊತ್ತಿದ್ದೂ ಎಲ್ಲರಿಗೂ ವಾಸಿಯಾಗಿದೆ! ಅತ್ತೆಯ ಕಟ್ಟಳೆಯನ್ನು ಅವಳ ಮುಂದೆಯೇ ಮುರಿದು ತೋರಿಸುವ ಪುರಾವೆ ಇದಕ್ಕಿಂತ ಬೇಕೇ? ಅಡಿಗೆಮನೆಯಲ್ಲಿ ಸರೋಜಳಿಗೆ ಹೇಳಿದೆ, ಇನ್ನೇನು ಅತ್ತೆಯ ಕೋಣೆಗೆ ಹೊರಟೆ. ಸರೋಜ ಕೈಯಲ್ಲಿದ್ದ ಸೌಟನ್ನು ಬಾಗಿಲಿಗೆ ಅಡ್ಡ ಹಿಡಿದಳು.

“ಇಷ್ಟು ವರ್ಷ ಜನ ನಿನ್ನ ಹತ್ರ ಸುಳ್ಳೇ ಬರ್ತಿದ್ರು ಅಂತ ಹೇಳೋಕೆ ಹೊರಟ್ರಾ?” ಅಂದಳು. “ಇದನ್ನೂ ತಗಡಿನ ಮೇಲೆ ಬರೆಸಿಬಿಡಿ, ಓದ್ಕೊಳ್ಳಲಿ.”

ನಾನು ವಾಪಸು ಬಂದು ಕೂತೆ. ಬೋರ್ಡು ಬಚ್ಚಲೊಲೆಯ ಬಳಿಗೆ ಹೋದದ್ದು ಆ ದಿನವೇ.

ಮಳೆ ಹಿಡಿಯಿತು. ನೆಲಸಂಪಿಗೆಯ ಎಲೆ ಎದ್ದವು. ಅಟ್ಟದ ಕಾಯಿ ಇಳಿಸಬೇಕಾಗಿತ್ತು, ಚಿತ್ತಯ್ಯನ ಗುಂಪು ಬಂತು. ಅಂಗಳದಲ್ಲಿ ಕಬ್ಬಿಣದ ಮೊನೆಗಳನ್ನು ಹೂತು ಬೆಳಿಗ್ಗೆಯೇ ಸುಲಿಯಲು ಶುರುಮಾಡಿದರು. ಅತ್ತೆ ಜಗಲಿಯ ಮೂಲೆಯಲ್ಲಿ ಕೂತಿದ್ದಳು, ಯಾರನ್ನೂ ಮಾತಾಡಿಸದೆ. ಹೊತ್ತು ಏರುವಷ್ಟರಲ್ಲಿ ಚಿತ್ತಯ್ಯ ಗಟ್ಟಿ ಸಿಪ್ಪೆಯ ಒಂದು ಕಾಯಿಯನ್ನು ಮೊನೆಗೆ ಕುಕ್ಕಿ ತಿರುಚಿದ. ಕಾಯಿ ಜಾರಿತು, ಅವನ ಬಲಗೈ ಮಣಿಕಟ್ಟು ತಿರುಗಿತು. ಅಬ್ಬಾ ಎಂದು ಕೂತುಬಿಟ್ಟ. ನೋಡುನೋಡುತ್ತ ಊದಿಕೊಂಡಿತು.

ನಾನು ತಿಪಟೂರಿಗೆ ಹೋಗೋಣವೆಂದು ಬೈಕಿನ ಕೀ ತಂದೆ. ಅವನು ನನ್ನ ಕಡೆ ನೋಡಲೂ ಇಲ್ಲ. ಎದ್ದು, ಎಡಗೈಯಲ್ಲಿ ಬಲಗೈ ಹಿಡಿದುಕೊಂಡು, ಜಗಲಿಯ ಮುಂದೆ ಹೋಗಿ ನಿಂತ.

“ಅಮ್ಮಾ, ಮದ್ದು.”

ಅತ್ತೆ ಕೈಯನ್ನು ಹಿಡಿದು ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ನೋಡಿದಳು. ಮೂಳೆ ಸರಿಯಾಗಿದೆ ಎಂದು ಗೊತ್ತಾದ ಮೇಲೆ ಕೈ ಬಿಟ್ಟಳು.

“ಹೋಯ್ತು ಕಣಪ್ಪ. ಇನ್ನು ಹತ್ತಲ್ಲ.”

“ಯಾಕಮ್ಮಾ?”

“ಹೆಸರು ಕೇಳ್ದೋರಿಗೆ, ಓದ್ದೋರಿಗೆ ಹತ್ತಲ್ಲ. ಮೇಷ್ಟ್ರು ಊರಿಗೆಲ್ಲ ಬರ್ದು ಹಾಕಿದ್ರಲ್ಲ, ಓದ್ಲಿಲ್ವಾ?”

ಚಿತ್ತಯ್ಯ ಊದಿದ ಕೈಯನ್ನು ಎದೆಗೊತ್ತಿಕೊಂಡ. ಆಮೇಲೆ ತಲೆಯೆತ್ತಿ ಅಂದ:

“ಹಂಗಾರೆ ನಂಗೆ ಹತ್ತುತ್ತೆ ಕಣಮ್ಮ. ನಂಗೆ ಓದಾಕ್ ಬರಲ್ಲ.”

ಅಂಗಳದಲ್ಲಿ ಕಾಯಿ ಸುಲಿಯುವ ಸದ್ದು ನಿಂತಿತು. ಫೋನಿನಲ್ಲಿ ಏನೋ ಓದುತ್ತ ಕೂತಿದ್ದ ಒಬ್ಬ ಅದನ್ನು ಮೆಲ್ಲಗೆ ಜೇಬಿಗೆ ಇಳಿಬಿಟ್ಟ. ಇನ್ನೊಬ್ಬ, “ನಮಗೂ ಬರಲ್ಲ ಕಣಮ್ಮ, ಯಾವಾನ್ಗೂ ಬರಲ್ಲ” ಎಂದು ಹಿಂದಿನಿಂದ ಸೇರಿಸಿದ.

ಅತ್ತೆ ಅವರನ್ನು ಬಿಟ್ಟು ನನ್ನ ಕಡೆ ತಿರುಗಿದಳು. ಐದು ತಿಂಗಳ ಮೇಲೆ ಮೊದಲ ಸಲ ನನ್ನನ್ನು ನೇರವಾಗಿ ನೋಡಿದಳು. ಅವಳ ಕಣ್ಣಿನಲ್ಲಿ ಒಂದು ಆಸೆ ಇತ್ತು, ಅದನ್ನು ನಾನು ತಪ್ಪಾಗಿ ಕಂಡಿಲ್ಲ.

“ಏನೋ ಶಿವು? ಇವನು ನಿನ್ನತ್ರ ಎಲ್ಡು ವರ್ಷ ಓದ್ದೋನಲ್ವೇನೋ? ಫಸ್ಟು ಬಂದ ಅಂತ ಮನೆಗೆ ಕರ್ಕಂಡು ಬಂದು ಒಬ್ಬಟ್ಟು ಹಾಕ್ಸಿದ್ದೆ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಚಿತ್ತಯ್ಯನೂ. ಮೂವತ್ತೊಂದು ವರ್ಷದಲ್ಲಿ ನನ್ನ ಕೈಯಿಂದ ದಾಟಿ ಹೋದ ನೂರಾರು ಹುಡುಗರಲ್ಲಿ, ಹಾಳೆಯ ಮೇಲೆ ನೆಲಸಂಪಿಗೆಯ ಹೂವನ್ನು ಒಂದು ಗೆರೆ ತಪ್ಪದೆ ಬರೆದವನು ಅವನೊಬ್ಬನೇ. ಆ ಉತ್ತರಪತ್ರಿಕೆಯನ್ನು ನಾನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದ್ದೆ.

“ಇಲ್ಲ ಅತ್ತೆ” ಎಂದೆ. “ಇವನಿಗೆ ಓದೋಕೆ ಬರಲ್ಲ. ನಾನು ಸುಮ್ಮನೆ ಪಾಸು ಮಾಡಿದ್ದೆ.”

“ಮಿಕ್ಕೋರಿಗೆ?”

“ಯಾರಿಗೂ ಬರಲ್ಲ. ನನ್ನ ಕೈಲಿ ಯಾರೂ ಏನೂ ಕಲೀಲಿಲ್ಲ.”

“ಥೂ ನಿನ್ನ, ದಂಡದ ಮೇಷ್ಟ್ರು!” ಅಂದಳು ಅತ್ತೆ. ಬೈದಳು! ಬಾಗಿಲ ಕಂ‌ಬ ಹಿಡಿದು ಎದ್ದಳು, ಮೂಲೆಯಲ್ಲಿದ್ದ ಮೊಂಡು ಕುಡುಗೋಲು ತೆಗೆದುಕೊಂಡಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಹಿತ್ತಿಲ ಓಣಿಯ ಬಾಯಲ್ಲಿ ನಿಂತು ತಿರುಗಿ, “ಯಾರೂ ಈ ಕಡೆ ನೋಡಂಗಿಲ್ಲ, ಆ ಕಡೆ ತಿರುಗ್ರಿ” ಎಂದು ಗದರಿದಳು.

ಹತ್ತು ಗಂಡಸರೂ ತಿರುಗಿದರು.

“ಶಿವು, ನಿಂಗೆ ಬೇರೆ ಹೇಳ್ಬೇಕೇನ್ಲಾ?”

ನಾನೂ ತಿರುಗಿ ನಿಂತೆ.